ದುಡ್ಡು ಕೊಟ್ಟು ಶ್ಯಾವ್ಗೆ ತಿಂದ ಕತೆ

ಹೋದ ತಿಂಗಳು ನಮ್ಮತ್ತೆಯವ್ರಿಗೆ ಕಣ್ಣು ತೋರ್ಸಕ್ಕೆ ಅಂತ ಮಂಡ್ಯಕ್ಕೆ ಕರ್ಕಂಡು ಹೋಗಿದ್ದೆ. ಕಣ್ಣಿಗೆ ಔಷಧಿ ಬಿಟ್ಟು ಎರಡು ಗಂಟೆ ಕೂರ್ಸಿದ್ರು. ಆಚೆ ಬರೋ ಹೊತ್ಗೆ ಒಂದೂವರೆ. ಎಂಬತ್ತೆರಡು ವರ್ಷದ ಜೀವ, ಬೆಳಗ್ಗೆ ಬರೀ ಕಾಫಿ ಕುಡ್ಕಂಡು ಬಂದಿದ್ರು. ಎದುರುಗಡೆ ಒಂದು ಹೋಟ್ಲಿತ್ತು. ಔಷಧಿಗೆ ಕಣ್ಣು ಮಂಜಾಗಿ ಅವ್ರಿಗೆ ಬೋರ್ಡು ಕಾಣ್ತಿರ್ಲಿಲ್ಲ, ನಾನೇ ಓದ್ದೆ. ಮುದ್ದೆ ಊಟ, ತಲೆ ಮಾಂಸ, ಒತ್ತು ಶ್ಯಾವ್ಗೆ, ಕಾಲ್ ಸೂಪು.

ಅತ್ತೆ ರಸ್ತೆಲೇ ನಿಂತ್ಕಂಡ್ರು. "ಶ್ಯಾವ್ಗೆನೂ ದುಡ್ಡು ಕೊಟ್ಟು ತಿಂತಾರಾ ಈಗ?"

ಆ ಮಾತು ಅವತ್ತಿಂದ ನನ್ನ ತಲೇಲಿ ಕೊರೀತಾನೇ ಅದೆ ಕಣ್ರವ್ವ. ನಾನು ಮಳವಳ್ಳಿಲಿ ಪಿಯುಸಿ ಓದುವಾಗ ಇತಿಹಾಸ ತಕಂಡಿದ್ದೆ. ರಾಜರು, ಯುದ್ಧ, ಒಪ್ಪಂದ ಎಲ್ಲ ಬಾಯಿಪಾಠ ಮಾಡಿದ್ದಾಯ್ತು. ನಮ್ಮ ಸೀಮೆ ಹೆಂಗಸ್ರು ಮನೆಯಿಂದಾಚೆ ಕೂತ್ಕಂಡು ಯಾವಾಗಿಂದ ಉಣ್ಣಕ್ಕೆ ಶುರು ಮಾಡಿದ್ರು ಅನ್ನೋದನ್ನ ಯಾವ ಪುಸ್ತಕದಲ್ಲೂ ಓದ್ಲಿಲ್ಲ. ಅದಕ್ಕೆ ನಂಗೆ ಗೊತ್ತಿರೋದನ್ನ ಇಲ್ಲಿ ಜೋಡಿಸಿ ಬರೀತಿದೀನಿ.

ಮದ್ದೂರಿನಿಂದಲೇ ಶುರು ಮಾಡ್ಬೇಕು. 1876ರಿಂದ 78ರವರೆಗೆ ಮೈಸೂರು ಸೀಮೆಲಿ ಭಾರೀ ಬರ ಬಂದಿತ್ತು. ಧಾತು ಈಶ್ವರ ಬರ ಅಂತ ನಮ್ಮಜ್ಜಿ ಕಾಲದೋರು ಹೇಳ್ತಿದ್ರಲ್ಲ, ಅದೇ. ಆ ಬರದಲ್ಲಿ ಹೊಟ್ಟೆಗಿಲ್ದೆ ಒದ್ದಾಡ್ತಿದ್ದ ಜನಕ್ಕೆ ಕೂಲಿ ಕೊಡೋ ಕೆಲಸ ಅಂತ ಬೆಂಗಳೂರು ಮೈಸೂರು ರೈಲು ದಾರಿಗೆ ಮಣ್ಣು ಹೊರ್ಸಿದ್ರು. ರೈಲು ಮೈಸೂರು ಮುಟ್ಟಿದ್ದು 1882ರಲ್ಲಿ. ಮದ್ದೂರು ವಡೆ ಹುಟ್ಟಿದ್ದೂ ಇದೇ ದಾರಿ ಮೇಲೆ. ಆ ಮಣ್ಣು ಹೊತ್ತೋರಲ್ಲಿ ನಮ್ಮ ಮುತ್ತಜ್ಜಿಯರು ಎಷ್ಟು ಜನ ಇದ್ರೋ ಯಾರು ಬರೆದಿಟ್ಟವ್ರೆ.

ವಡೆ ಕತೆ ನಿಮಗೆಲ್ಲ ಗೊತ್ತಿರೋದೇ. ಕುಂದಾಪುರದ ಕಡೆಯಿಂದ ಬಂದ ರಾಮಚಂದ್ರ ಬುಧ್ಯ ಅನ್ನೋರು 1917ರಲ್ಲಿ ಮದ್ದೂರು ರೈಲ್ವೆ ಸ್ಟೇಷನ್ನಿನಲ್ಲಿ ತಿಂಡಿ ಮಾರಕ್ಕೆ ಶುರು ಮಾಡಿದ್ರು. ಆಗ ಉಗಿಬಂಡಿ, ಇಂಜಿನ್ನಿಗೆ ನೀರು ತುಂಬ್ಕಳಕ್ಕೆ ಅಂತ ಮದ್ದೂರಲ್ಲಿ ವಸಿ ಹೊತ್ತು ನಿಲ್ತಿತ್ತು. ಒಂದಿನ ರೈಲು ಹೊತ್ಗೆ ಮುಂಚೆ ಬಂದ್ಬಿಡ್ತಂತೆ. ಪಕೋಡ ಕರಿಯಕ್ಕೆ ಹೊತ್ತಿಲ್ಲ. ಆ ಹಿಟ್ಟನ್ನೇ ಅಂಗೈಲಿ ತಟ್ಟಿ ಎಣ್ಣೆಗೆ ಬಿಟ್ರಂತೆ, ಅದೇ ವಡೆ ಆಯ್ತಂತೆ.

ಇಂಥ ಕತೆಗಳಲ್ಲಿ ಅರ್ಧ ಕಟ್ಟಿದ್ದೇ ಇರ್ತದೆ ಅಂತ ನನ್ನ ಮಗ ನಗ್ತಾನೆ. ಆದ್ರೆ ಒಲೆ ಮುಂದೆ ನಿಂತೋರು ಇದನ್ನ ನಂಬ್ತೀವಿ. ಗಟ್ಟಿ ಉಂಡೆ ಒಳಗೆ ಬೇಯೋವರ್ಗೂ ಕಾಯ್ಬೇಕು, ತೆಳ್ಳಗೆ ತಟ್ಟಿದ್ದು ಬೇಗ ಬೇಯ್ತದೆ. ಉದ್ದಿನ ವಡೆ ಹಂಗೆ ನೆನೆ ಹಾಕಂಗಿಲ್ಲ, ರುಬ್ಬಂಗಿಲ್ಲ. ಅಕ್ಕಿ ಹಿಟ್ಟು, ಮೈದಾ, ಚಿರೋಟಿ ರವೆ, ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕಾಯಿಸಿದ ಎಣ್ಣೆ. ಅವಸರಕ್ಕೆ ಆಗೋ ತಿಂಡಿ, ಎರಡು ದಿನ ಇಟ್ರೂ ಹಳಸಲ್ಲ. ನೆಂಟ್ರು ಬಾಗಿಲಿಗೆ ಬಂದಾಗ ನಾವು ದಿನಾ ಮಾಡೋದೂ ಇದೇ ಥರದ ಕೆಲಸ. ನಮ್ಮ ಅವಸರಕ್ಕೆ ಯಾರೂ ಊರ ಹೆಸರು ಇಡ್ಲಿಲ್ಲ ಅಷ್ಟೇ.

ಆ ವಡೆನ ಸ್ಟೇಷನ್ನಿನಲ್ಲಿ ನಿಂತು ತಿಂದೋರು ಯಾರು? ರೈಲಲ್ಲಿ ಹೋಗೋರು, ಕೋರ್ಟು ಕಚೇರಿ ಅಂತ ತಿರುಗೋ ಗಂಡಸ್ರು. ನಮ್ಮವ್ವ ಮಳವಳ್ಳಿ ಸೀಮೇಲಿ ಹುಟ್ಟಿ ಅಲ್ಲೇ ಬಾಳಿದೋರು. ಮದ್ದೂರು ವಡೆ ಅಂದ್ರೆ ಅವ್ರಿಗೆ ನಮ್ಮಪ್ಪ ಪೇಪರಲ್ಲಿ ಕಟ್ಟಿಸ್ಕಂಡು ತರ್ತಿದ್ದ ಎಣ್ಣೆ ಮೆತ್ತಿದ ಪೊಟ್ಣ. ಆರು ಜನ ಮಕ್ಕಳಿಗೆ ಮುರಿದು ಹಂಚಿ ಮಿಕ್ಕಿದ ಚೂರು ಅವ್ರ ಬಾಯಿಗೆ. ಬಿಸಿ ವಡೆ ರುಚಿ ಎಂಗಿರ್ತದೆ ಅಂತ ನಮ್ಮವ್ವಂಗೆ ಗೊತ್ತಾಗಿದ್ದು ನನ್ನ ಮದುವೆ ಆದ್ಮೇಲೆ.

ಮಂಡ್ಯದ ಕತೆ ಬೇರೆ. ಕನ್ನಂಬಾಡಿ ಕಟ್ಟೆ ಆಯ್ತು, ಇರ್ವಿನ್ ನಾಲೆ ಬಂತು. ಅದನ್ನೇ ಈಗ ವಿಶ್ವೇಶ್ವರಯ್ಯ ನಾಲೆ ಅನ್ನೋದು. ರಾಗಿ ಹೊಲ ಕಬ್ಬಿನ ಗದ್ದೆ ಆದೊ. 1933ರಲ್ಲಿ ಸಕ್ಕರೆ ಫ್ಯಾಕ್ಟ್ರಿ ಶುರುವಾಯ್ತು, 1939ರಲ್ಲಿ ಮಂಡ್ಯ ಬೇರೆ ಜಿಲ್ಲೆ ಆಯ್ತು. ನಮ್ಮ ಮಾವ್ನೋರು ಹೇಳೋರು, ಕಬ್ಬಿನ ಗಾಡಿ ಹೂಡ್ಕಂಡು ಹೋದ್ರೆ ತೂಕಕ್ಕೆ ಸರದಿ ಬರೋವರ್ಗೂ ಒಂದು ರಾತ್ರಿ ಒಂದು ಹಗಲು ಕಾಯ್ಬೇಕಿತ್ತಂತೆ. ಕಟ್ಕಂಡು ಹೋದ ಬುತ್ತಿ ಮುಗಿದ್ಮೇಲೆ ಹೋಟ್ಲೇ ಗತಿ. ದೋಸೆ ಕಾಫಿ ಬೇಕಾದ್ರೆ ಉಡುಪಿ ಕಡೆಯೋರ ಹೋಟ್ಲು, ಮುದ್ದೆ ಬಾಡಿನ ಸಾರು ಬೇಕಾದ್ರೆ ಮಿಲ್ಟ್ರಿ ಹೋಟ್ಲು. ಅವೆಲ್ಲ ಹಿಂದೆ ಎಲ್ಲರಿಗೂ ತೆರೆದ ಬಾಗಿಲಾಗಿರ್ಲಿಲ್ಲ ಅನ್ನೋದೂ ನೆನಪಿರ್ಲಿ. ಯಾವ ಜಾತಿಯೋರು ಒಳಗೆ ಕೂರ್ಬೇಕು, ಯಾರಿಗೆ ಆಚೆ ಲೋಟ ಅಂತ ಲೆಕ್ಕ ಇತ್ತು. ಹೆಂಗಸ್ರ ಲೆಕ್ಕ ಅದಕ್ಕಿಂತ ಸುಲಭ. ಯಾವ ಜಾತಿ ಆದ್ರೂ ಮನೇಲೇ.

ಆಮೇಲೆ ಫ್ಯಾಮಿಲಿ ರೂಮು ಬಂತು. ನಿಮ್ಮಲ್ಲಿ ಐವತ್ತು ದಾಟಿದೋರಿಗೆ ಗ್ಯಾಪ್ಕ ಇರ್ಬೇಕು. ಹೋಟ್ಲಿನ ಹಿಂಭಾಗದಲ್ಲಿ ಹಲಗೆ ಹೊಡೆದು ಮಾಡಿದ ಗೂಡು, ಮುಂದೆ ಕೈ ಒರೆಸಿ ಒರೆಸಿ ಕಂದು ಬಣ್ಣಕ್ಕೆ ತಿರುಗಿದ ಪರದೆ. 1979ರಲ್ಲಿ ನಂಗೆ ಹನ್ನೊಂದು ವರ್ಷ. ತಂಗಿಗೆ ಜ್ವರ ಅಂತ ಅವ್ವ ನಮ್ಮಿಬ್ರನ್ನೂ ಮಂಡ್ಯಕ್ಕೆ ಕರ್ಕಂಡು ಬಂದ್ರು, ಜೊತೆಗೆ ನಮ್ಮ ಸೋದರಮಾವ. ಮಾವ ಮುಂದೆ ಗಾಳಿ ಬೀಸೋ ಕಡೆ ಕೂತ್ಕಂಡ್ರು, ನಮ್ಮನ್ನ ಆ ಗೂಡಿಗೆ ಕಳಿಸಿದ್ರು. ಒಳಗೆ ಫ್ಯಾನಿಲ್ಲ, ಕಿಟಕಿ ಇಲ್ಲ. ಅವ್ವ ಸೆರಗು ಹೊದ್ಕಂಡು, ಪರದೆಗೆ ಬೆನ್ನು ಮಾಡಿ, ಗೋಡೆ ನೋಡ್ಕಂಡು ಮಸಾಲೆ ದೋಸೆ ತಿಂದ್ರು. ಅರ್ಧ ತಿನ್ನೋ ಹೊತ್ಗೆ ಮಾವ ಬಂದು "ಆಯ್ತೇನಮ್ಮ, ಬಸ್ಸು ಬತ್ತದೆ" ಅಂದ್ರು. ಮಿಕ್ಕ ಅರ್ಧ ದೋಸೆ ಕರ್ಚೀಫಲ್ಲಿ ಕಟ್ಕಂಡು ಬಸ್ಸು ಹತ್ತಿದ್ದೊ.

ಈಗ ಶ್ಯಾವ್ಗೆ ವಿಷಯಕ್ಕೆ ಬತ್ತೀನಿ. ಶ್ಯಾವ್ಗೆ ಒತ್ತೋದು ಒಬ್ರ ಕೆಲಸ ಅಲ್ಲ ಅಂತ ನಿಮಗೆ ನಾನು ಹೇಳ್ಬೇಕಾ? ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಹಿಟ್ಟು ಮಾಡಿ, ಕುದಿಯೋ ನೀರಿಗೆ ಹಾಕಿ ತಿರುವಿ, ಬಿಸಿ ಬಿಸಿ ನಾದಿ ಉಂಡೆ ಕಟ್ಟಿ, ಮತ್ತೆ ಕುದಿಯೋ ನೀರಿಗೆ ಬಿಟ್ಟು, ತೇಲಿದ್ಮೇಲೆ ತಗೀಬೇಕು. ಆರೋಷ್ಟರಲ್ಲಿ ಒರಳಿಗೆ ಹಾಕಿ ಒತ್ತಬೇಕು. ನಮ್ಮತ್ತೆ ಮನೇಲಿ ಮರದ ಒರಳಿತ್ತು. ಅದರ ಉದ್ದನೆ ಹಿಡಿ ಮೇಲೆ ಒಬ್ರು ಭಾರ ಬಿಟ್ಟು ಜೋತ್ಕಂಡ್ರೆ ಇನ್ನೊಬ್ರು ಕೆಳಗೆ ತಟ್ಟೆ ತಿರುಗಿಸ್ತಾ ಎಳೆ ಹಿಡೀಬೇಕು, ಮತ್ತೊಬ್ರು ಒಲೆ ನೋಡ್ಬೇಕು. ನಾನು ಮದುವೆ ಆಗಿ ಬಂದ ವರ್ಷ ನಮ್ಮ ವಾರಗಿತ್ತಿ ಏಳು ತಿಂಗಳ ಬಸುರಿ. ಜೋತ್ಕಳಕ್ಕೆ ಅವಳನ್ನೇ ಕರೆದ್ರು, ಯಾಕಂದ್ರೆ ಮನೇಲಿ ಭಾರ ಇರೋಳು ಅವಳೇ ಅಂತ! ಈಗ ನಾವಿಬ್ರೂ ಅದನ್ನ ಹೇಳ್ಕಂಡು ನಗ್ತೀವಿ. ಅವತ್ತು ಅವಳು ರಾತ್ರಿಯೆಲ್ಲ ಸೊಂಟ ನೋವಿಗೆ ಅತ್ತಿದ್ಳು.

ಇಷ್ಟೆಲ್ಲ ಮಾಡಿದ್ದು ಹೊಸ ಅಳಿಯ ಬಂದಾಗ, ಹಬ್ಬಕ್ಕೆ, ನೆಂಟ್ರಿಗೆ. ಮೊದಲ ತಟ್ಟೆ ಕಾಯಾಲು ಬೆಲ್ಲ ಏಲಕ್ಕಿ ಜೊತೆ, ಎರಡನೇ ತಟ್ಟೆ ಬಾಡಿನ ಸಾರಿನ ಜೊತೆ. ಒತ್ತಿದೋರು ಕೂರೋ ಹೊತ್ಗೆ ಶ್ಯಾವ್ಗೆ ತಣ್ಣಗಾಗಿ ಮುದ್ದೆ ಕಟ್ಕಂಡಿರ್ತಿತ್ತು. ಕಾಲ್ ಸೂಪು ಇನ್ನೊಂದು ಕತೆ. ಕುರಿ ಕಾಲು ಸುಟ್ಟು, ಹೆರೆದು, ಮೆಣಸು ಬೆಳ್ಳುಳ್ಳಿ ಹಾಕಿ ಇರುಳೆಲ್ಲ ಸಣ್ಣ ಉರೀಲಿ ಬೇಯ್ಸೋದು. ಬಾಣಂತಿಗೆ, ಮೂಳೆ ಮುರ್ಕಂಡೋರಿಗೆ ಕೊಡ್ತಿದ್ದ ಪಥ್ಯ ಅದು. ಕುರಿ ಮಾತು ಬಂತು ಅಂತ ಒಂದು ಹೇಳ್ಬಿಡ್ತೀನಿ. ಊರೂರಿನ ಹೋಟ್ಲುಗಳಲ್ಲಿ ಬನ್ನೂರು ಕುರಿ ಅಂತ ಮೆರೆಸ್ತಾರಲ್ಲ, ಅದರ ಮೂಲ ನಮ್ಮ ಮಳವಳ್ಳಿ ತಾಲ್ಲೂಕಿನ ಬಂಡೂರು. ಕುಳ್ಳ ಕಾಲಿನ, ಮೆತ್ತನೆ ಮಾಂಸದ ಕುರಿ ನಮ್ಮದು, ಹೆಸರು ಮಾತ್ರ ಪಕ್ಕದ ತಾಲ್ಲೂಕಿನ ಪಾಲು. ತವರಿನ ಅಭಿಮಾನ ಅನ್ಕಳಿ.

ಹೆಸರಿನ ಮಾತಿಗೆ ನಂಗೆ ಸಿಂಗಾಪುರ ನೆನಪಾಯ್ತದೆ. 2018ರಲ್ಲಿ ಮಗಳ ಬಾಣಂತನಕ್ಕೆ ಅಂತ ಅಲ್ಲಿ ಮೂರು ತಿಂಗಳಿದ್ದೆ. ಬರೋಕೆ ಮುಂಚೆ ಅಳಿಯಂದಿರು ಕಾಟೊಂಗ್ ಅನ್ನೋ ಕಡೆ ಊಟಕ್ಕೆ ಕರ್ಕಂಡು ಹೋದ್ರು. ಲಕ್ಸ ಅಂತ ಒಂದು ಬಟ್ಲು ತಂದಿಟ್ರು. ನೋಡಿದ್ರೆ ದಪ್ಪ ಎಳೆಯ ಅಕ್ಕಿ ಶ್ಯಾವ್ಗೆ, ಮೇಲೆ ಕಾಯಾಲಿನ ಖಾರದ ಸಾರು, ಸೀಗಡಿ! ನಮ್ಮ ಎರಡು ತಟ್ಟೆನೂ ಒಂದೇ ಬಟ್ಲಿಗೆ ಸುರಿದಂಗೆ. ಅಲ್ಲಿ ಶ್ಯಾವ್ಗೆನ ಚಿಕ್ಕದಾಗಿ ಕತ್ತರಿಸಿ ಬರೀ ಚಮಚದಲ್ಲಿ ತಿಂತಾರೆ. ನಂಗೆ ಅದೇ ವಾಸಿ ಅನ್ನಿಸ್ತು, ಕಡ್ಡಿ ಹಿಡಿಯಕ್ಕೆ ನಂಗೆಲ್ಲಿ ಬತ್ತದೆ.

ಮಗಳು ಹೇಳಿದ್ಳು, ಇದು ನ್ಯೋನ್ಯ ಅಡುಗೆ ಅಂತ. ಬಹಳ ಹಿಂದೆ ಚೀನಾದಿಂದ ವ್ಯಾಪಾರಕ್ಕೆ ಮಲಾಕ್ಕ, ಪಿನಾಂಗ್, ಸಿಂಗಾಪುರಕ್ಕೆ ಬಂದೋರು ಅಲ್ಲಿನ ಹೆಣ್ಣುಮಕ್ಕಳನ್ನ ಮದುವೆ ಆಗಿ ನೆಲೆ ನಿಂತ್ರು. ಆ ಮನೆಗಳ ಗಂಡಸ್ರಿಗೆ ಬಾಬಾ, ಹೆಂಗಸ್ರಿಗೆ ನ್ಯೋನ್ಯ ಅನ್ನೋದು. ಚೀನಾದ ಶ್ಯಾವ್ಗೆ, ಮಲಾಯಿ ಕಾಯಾಲು, ಕಲ್ಲಲ್ಲಿ ಅರೆದ ಮಸಾಲೆ, ಎಲ್ಲ ಸೇರಿದ್ದು ಅವ್ರ ಒಲೆ ಮೇಲೆ. ಮನೆ ಒಳಗೇ ಇದ್ದ ಅಡುಗೆ ಈಗ ಹೋಟ್ಲಿಗೆ ಬಂದದೆ, ಬೋರ್ಡಿನ ಮೇಲೂ ನ್ಯೋನ್ಯ ಅಂತಲೇ ಬರೀತಾರೆ. ಹೆಂಗಸಿನ ಹೆಸರಲ್ಲಿ ಅಡುಗೆ! ನಮ್ಮ ಕಡೆ ನಾನು ನೋಡಿದ ಬೋರ್ಡುಗಳಲ್ಲಿ ಗೌಡ್ರು ಇರ್ತಾರೆ, ಗೌಡ್ತಿ ಇರಲ್ಲ. ಮುದ್ದೆ, ಬಸ್ಸಾರು, ಶ್ಯಾವ್ಗೆ ಅಂತ ಬರೆದಿರ್ತಾರೆ, ಮೀಸೆ ತಿರುವ್ಕಂಡಿರೋ ಗಂಡಸಿನ ಚಿತ್ರ ಹಾಕಿರ್ತಾರೆ. ಆ ಮೀಸೆಯಪ್ಪ ಯಾವತ್ತು ಬಸ್ಸಾರು ಬಸಿದಿದ್ದನಪ್ಪ?

2023 ನಮ್ಮ ಸೀಮೆ ಹೋಟ್ಲುಗಳಿಗೆ ದೊಡ್ಡ ವರ್ಷ. ಮಾರ್ಚಿನಲ್ಲಿ ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್ ವೇ ಉದ್ಘಾಟನೆ ಆಯ್ತು. ಮದ್ದೂರಿನ ಒಳಗೆ, ಮಂಡ್ಯದ ಒಳಗೆ ಬತ್ತಿದ್ದ ಕಾರುಗಳು ಆಚೆಯಿಂದಲೇ ಹಾರೋಗಕ್ಕೆ ಶುರು ಮಾಡಿದೊ. ಹಳೇ ರಸ್ತೇಲಿ ಭಾನುವಾರ ಜಾಗ ಸಿಗದೆ ನಿಂತು ತಿಂತಿದ್ದ ಕಡೆ ಈಗ ಮಾಣಿಗಳು ಬಾಗಿಲಲ್ಲಿ ನಿಂತಿರ್ತಾರೆ. ವಡೆ ಮಾರೋರು ಹೊಟ್ಟೆ ಉರ್ಕಂಡಿದ್ದನ್ನ ನಾನೇ ಕೇಳಿದೀನಿ. ಅದೇ ವರ್ಷ ಜೂನಿನಲ್ಲಿ ಶಕ್ತಿ ಯೋಜನೆ ಬಂತು, ಹೆಂಗಸ್ರಿಗೆ ಸರ್ಕಾರಿ ಬಸ್ಸು ಫ್ರೀ. ಬಸ್ಸು ಹಳೇ ರಸ್ತೇಲೇ ಬತ್ತದೆ, ಊರೊಳಗೇ ನಿಲ್ತದೆ. ಮಾರೇಹಳ್ಳಿ ನರಸಿಂಹಸ್ವಾಮಿಗೆ ಅಂತಲೋ ಆಸ್ಪತ್ರೆಗೆ ಅಂತಲೋ ಹೊರಟೋರು, ಉಳಿದ ಟಿಕೆಟ್ಟಿನ ದುಡ್ಡಲ್ಲಿ ನಾಲ್ಕು ಜನ ಸೇರ್ಕಂಡು ಟಿಫನ್ ತಿಂತಾರೆ. ಕಾರಿನ ಗಿರಾಕಿಗೆ ಇದು ಸಮ ಆಯ್ತದೆ ಅಂತ ನಾನು ಹೇಳಲ್ಲ. ನಾವು ಒಂದು ಪ್ಲೇಟು ತಕಂಡು ಎರಡು ಮಾಡ್ಸೋ ಜನ. ಆದ್ರೆ ಗಂಡಸ್ರಿಲ್ದೆ ಮುಂದಿನ ಟೇಬಲ್ಲಿನಲ್ಲಿ ಕೂರ್ತೀವಿ. ಪರದೆ ಎಲ್ಲಿ ಅಂತ ಯಾರೂ ಕೇಳಲ್ಲ.

ಅತ್ತೆ ಮಾತ್ರ ಅವತ್ತು ಕೇಳಿದ್ರು. ಒಳಗೆ ಹೋದ ತಕ್ಷಣ "ಫ್ಯಾಮಿಲಿ ರೂಮು ಯಾವ ಕಡೆ?" ಅಂದ್ರು. ಇಲ್ಲ ಕಣತ್ತೆ, ಇಲ್ಲೇ ಕೂತ್ಕಳಿ ಅಂದೆ. ಫ್ಯಾನಿನ ಕೆಳಗೆ ಕೂರ್ಸಿದೆ. ಪಕ್ಕದ ಟೇಬಲ್ಲಿನಲ್ಲಿ ನಾಲ್ಕು ಗಂಡಸ್ರು ತಲೆ ಮಾಂಸ ತಿಂತಿದ್ರು. ಅತ್ತೆ ಸೆರಗು ಎಳ್ಕಂಡು, ಮೊದಲು ಗೋಡೆ ಕಡೆ ತಿರುಗಿದ್ರು. ಶ್ಯಾವ್ಗೆ ಬಂದ್ಮೇಲೆ ಈ ಕಡೆ ತಿರುಗಿದ್ರು. ಹಬೆ ಆಡ್ತಿತ್ತು. ಎಳೆ ಬಿಡಿಸಿ ನೋಡಿ, ಸೂಪು ಸುರ್ಕಂಡು ತಿಂದ್ರು, ಒಂದು ಮಾತಾಡ್ಲಿಲ್ಲ. ಬಿಸಿ ಶ್ಯಾವ್ಗೆ ಅವ್ರು ತಿಂದಿದ್ದನ್ನ ನಾನು ಸೊಸೆಯಾಗಿ ಬಂದ ಮೇಲೆ ನೋಡಿದ್ದು ಅದೇ ಮೊದಲು.

ಕೈ ತೊಳೆಯಕ್ಕೆ ಹೋದಾಗ ಅಡುಗೆಮನೆ ಬಾಗಿಲಲ್ಲಿ ನಿಂತ್ಬಿಟ್ರು. ಒಳಗೆ ಒಬ್ಬಾಕೆ ಸ್ಟೀಲಿನ ಒರಳಲ್ಲಿ ಒತ್ತುತಾ ಇದ್ಳು, ಒಬ್ಬಳೇ, ಮೈಯೆಲ್ಲ ಬೆವರು.

"ಊಟ ಆಯ್ತೇನವ್ವ?" ಅಂದ್ರು ಅತ್ತೆ.

"ನಾಕು ಗಂಟೆ ಆಯ್ತದೆ ಅಜ್ಜಿ."

"ಉಂಡೆ ವಸಿ ಹೆಚ್ಗೆ ಬೇಯ್ಸವ್ವ. ಎಳೆ ತುಂಡಾಗಲ್ಲ, ನಿನ್ ರಟ್ಟೆಗೂ ಹಗುರ."

ಆಕೆ ನಕ್ಕು ಹೂಂ ಅಂದ್ಳು. ಬಿಲ್ಲು ಬಂತು, ಪ್ಲೇಟಿಗೆ ನೂರಿಪ್ಪತ್ತು. ಅತ್ತೆ ನಂಗೆ ಕೊಡಕ್ಕೆ ಬಿಡ್ಲಿಲ್ಲ, ಸೊಂಟದ ಚೀಲ ಬಿಚ್ಚಿ ಪಿಂಚಣಿ ದುಡ್ಡು ತೆಗೆದ್ರು. ಬಸ್ಸಲ್ಲಿ ಕೂತ್ಮೇಲೆ ಬೆರಳು ಮಡಿಸಕ್ಕೆ ಶುರು ಮಾಡಿದ್ರು. ಯುಗಾದಿಗೆ ಇಷ್ಟು ತಟ್ಟೆ, ಮೂರು ಜನ ಅಳಿಯಂದಿರಿಗೆ ಇಷ್ಟು, ಬಾಣಂತನಕ್ಕೆ ಇಷ್ಟು, ಅರವತ್ತು ವರ್ಷ. "ನೂರಿಪ್ಪತ್ತರಂಗೆ ಎಷ್ಟಾಯ್ತದೆ ನೋಡವ್ವ, ನೀನು ಓದಿರೋಳು" ಅಂದ್ರು. ಮದ್ದೂರು ಬರೋವರ್ಗೂ ಇಬ್ರೂ ಲೆಕ್ಕ ಹಾಕ್ತಾನೇ ಇದ್ದೊ. ಅಲ್ಲಿ ಇಳಿದು ಮಳವಳ್ಳಿ ಬಸ್ಸು ಹಿಡಿಯೋ ಅವಸರದಲ್ಲಿ ಲೆಕ್ಕ ತಪ್ಪೋಯ್ತು.