ಕ್ಯಾಥೋಡ್ ಭೂಸಂಪರ್ಕವಿರುವ ಎಲ್‌ಇಡಿಗಳ ಚಾಲನೆ

ಕ್ಯಾಥೋಡ್ ಭೂಸಂಪರ್ಕವಿರುವ ಎಲ್‌ಇಡಿ ಎಂದರೆ ಋಣಾಗ್ರವನ್ನು (ಕ್ಯಾಥೋಡ್) ನೇರವಾಗಿ ಮಂಡಲದ ಭೂಬಿಂದುವಿಗೆ ಜೋಡಿಸಿ, ಧನಾಗ್ರಕ್ಕೆ (ಆನೋಡ್) ಮಾತ್ರ ಪ್ರತ್ಯೇಕ ತಂತಿಯ ಮೂಲಕ ವಿದ್ಯುತ್ ಪೂರೈಸುವ ಬೆಳಕಿನ ಡಯೋಡ್. ಇದಕ್ಕೆ ಸ್ಥಿರ ಪ್ರವಾಹ ನೀಡುವ ಡಿಸಿ-ಡಿಸಿ ಪರಿವರ್ತಕದ ರಚನೆಯನ್ನು (ಟೋಪಾಲಜಿ) ಆರಿಸುವಾಗ ಎರಡು ಸಂಗತಿಗಳು ಮುಖ್ಯ: ಪೂರೈಕೆಯ ವೋಲ್ಟೇಜ್ ಎಲ್‌ಇಡಿ ಸರಣಿಯ ವೋಲ್ಟೇಜಿಗಿಂತ ಹೆಚ್ಚೋ ಕಡಿಮೆಯೋ ಎಂಬುದು ಮತ್ತು ಪ್ರವಾಹವನ್ನು ಮಂಡಲದ ಯಾವ ಸ್ಥಾನದಲ್ಲಿ ಅಳೆಯಲಾಗುತ್ತದೆ ಎಂಬುದು.

## ಹಿನ್ನೆಲೆ

ಬಿಳಿ ಎಲ್‌ಇಡಿಯೊಂದು ಬೆಳಗುವಾಗ ಅದರ ಎರಡು ತುದಿಗಳ ನಡುವೆ ಸುಮಾರು 3 ವೋಲ್ಟ್ ಇರುತ್ತದೆ. ಈ ವೋಲ್ಟೇಜ್ ಸ್ವಲ್ಪವೇ ಹೆಚ್ಚಿದರೂ ಪ್ರವಾಹವು ಬಹಳ ಹೆಚ್ಚುತ್ತದೆ. ಉಷ್ಣತೆ ಏರಿದಂತೆ ಅದೇ ಪ್ರವಾಹಕ್ಕೆ ಬೇಕಾಗುವ ವೋಲ್ಟೇಜ್ ಇಳಿಯುತ್ತದೆ. ಆದ್ದರಿಂದ ಎಲ್‌ಇಡಿಗಳನ್ನು ಸ್ಥಿರ ವೋಲ್ಟೇಜಿನಿಂದಲ್ಲ, ಸ್ಥಿರ ಪ್ರವಾಹದಿಂದ ಚಾಲನೆಗೊಳಿಸಲಾಗುತ್ತದೆ.

ವಾಹನಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಯ ಋಣ ತುದಿಯನ್ನು ಲೋಹದ ಚಾಸಿಗೆ ಜೋಡಿಸಿರುತ್ತಾರೆ. ಕ್ಯಾಥೋಡನ್ನೂ ಚಾಸಿಗೆ ಸೇರಿಸಿದರೆ ದೀಪಕ್ಕೆ ಒಂದೇ ತಂತಿ ಸಾಕಾಗುತ್ತದೆ. ಕೆಲವು ಎಲ್‌ಇಡಿಗಳಲ್ಲಿ ಶಾಖ ಹೊರಹಾಕುವ ಲೋಹದ ತಳವು ಕ್ಯಾಥೋಡಿನೊಂದಿಗೆ ಸಂಪರ್ಕದಲ್ಲಿರುವುದರಿಂದ, ಭೂಸಂಪರ್ಕವಿದ್ದರೆ ಶಾಖಶೋಷಕದಿಂದ ಅದನ್ನು ವಿದ್ಯುತ್ ರೀತ್ಯಾ ಬೇರ್ಪಡಿಸುವ ಅಗತ್ಯ ಬೀಳುವುದಿಲ್ಲ.

## ಪ್ರವಾಹದ ಮಾಪನ

ಅಗ್ಗದ ಅನೇಕ ಚಾಲಕಗಳು ಕ್ಯಾಥೋಡ್ ಮತ್ತು ಭೂಬಿಂದುವಿನ ನಡುವೆ ಸಣ್ಣ ರೋಧಕವೊಂದನ್ನು ಇರಿಸಿ ಪ್ರವಾಹವನ್ನು ಅಳೆಯುತ್ತವೆ. ಕ್ಯಾಥೋಡ್ ಚಾಸಿಗೆ ತಾಗಿದಾಗ ಪ್ರವಾಹವು ಈ ರೋಧಕವನ್ನು ಬಳಸದೆ ಚಾಸಿಯ ಮೂಲಕವೇ ಮರಳುತ್ತದೆ. ಆಗ ನಿಯಂತ್ರಕಕ್ಕೆ ಪ್ರವಾಹ ಹರಿಯುತ್ತಿಲ್ಲವೆಂದು ತೋರಿ, ಅದು ಪರಿವರ್ತಕದ ಉತ್ಪನ್ನವನ್ನು ಗರಿಷ್ಠ ಮಟ್ಟಕ್ಕೆ ಏರಿಸುತ್ತದೆ, ಎಲ್‌ಇಡಿ ಸುಟ್ಟುಹೋಗುತ್ತದೆ. ಆದಕಾರಣ ಮಾಪನ ರೋಧಕವನ್ನು ಆನೋಡಿನ ಬದಿಯಲ್ಲಿ ಇರಿಸುವುದು ಅವಶ್ಯ. 0.35 ಆಂಪಿಯರ್ ಪ್ರವಾಹಕ್ಕೆ 0.2 ವೋಲ್ಟ್ ಮಾಪನ ವೋಲ್ಟೇಜ್ ಬೇಕಿದ್ದರೆ ಸುಮಾರು 0.57 ಓಮ್ ರೋಧಕ ಸಾಕು. ಅದರಲ್ಲಿ ವ್ಯಯವಾಗುವ ಶಕ್ತಿ 0.07 ವ್ಯಾಟ್ ಮಾತ್ರ.

## ಪರಿವರ್ತಕಗಳ ವಿಧಗಳು

* ರೇಖೀಯ ನಿಯಂತ್ರಕ: ಅತ್ಯಂತ ಸರಳವಾದುದು; ಪ್ರೇರಕ ಬೇಕಿಲ್ಲ. ಆದರೆ ಹೆಚ್ಚುವರಿ ವೋಲ್ಟೇಜ್ ಶಾಖವಾಗಿ ನಷ್ಟವಾಗುತ್ತದೆ.
* ಬಕ್: ಪೂರೈಕೆಯು ಸದಾ ಎಲ್‌ಇಡಿ ಸರಣಿಯ ವೋಲ್ಟೇಜಿಗಿಂತ ಹೆಚ್ಚಿರುವಾಗ ಸೂಕ್ತ. ಸ್ವಿಚ್ಚು ಪೂರೈಕೆಯ ಬದಿಯಲ್ಲಿರಬೇಕು. ಸ್ವಿಚ್ಚನ್ನು ಭೂಬಿಂದುವಿನ ಬದಿಗೆ ತಂದ ಅಗ್ಗದ ರೂಪದಲ್ಲಿ ಎಲ್‌ಇಡಿಯ ಆನೋಡ್ ಪೂರೈಕೆಗೆ ಸೇರುವುದರಿಂದ ಅದು ಇಲ್ಲಿ ಒದಗದು.
* ಬೂಸ್ಟ್: ಪೂರೈಕೆಯು ಸದಾ ಕಡಿಮೆ ಇರುವಾಗ ಸೂಕ್ತ. ಸ್ವಿಚ್ಚು ನಿಂತಿದ್ದರೂ ಪ್ರೇರಕ ಮತ್ತು ಡಯೋಡುಗಳ ಮೂಲಕ ಪೂರೈಕೆಯಿಂದ ಆನೋಡಿಗೆ ನೇರ ದಾರಿ ಇರುತ್ತದೆ. ಆನೋಡ್ ತಂತಿ ಚಾಸಿಗೆ ತಾಗಿದರೆ ಪ್ರವಾಹವನ್ನು ತಡೆಯಲು ಪ್ರತ್ಯೇಕ ಸ್ವಿಚ್ಚು ಬೇಕು.
* ವಿಲೋಮ ಬಕ್-ಬೂಸ್ಟ್ ಮತ್ತು ಚುಕ್: ಇವುಗಳ ಉತ್ಪನ್ನವು ಭೂಬಿಂದುವಿಗೆ ಹೋಲಿಸಿದರೆ ಋಣಾತ್ಮಕ. ಆನೋಡ್ ಭೂಸಂಪರ್ಕವಿರುವಲ್ಲಿ ಇವು ಸಲ್ಲುತ್ತವೆ, ಕ್ಯಾಥೋಡ್ ಭೂಸಂಪರ್ಕವಿರುವಲ್ಲಿ ಸಲ್ಲುವುದಿಲ್ಲ.
* ಸೆಪಿಕ್: ವೋಲ್ಟೇಜನ್ನು ಏರಿಸಲೂ ಇಳಿಸಲೂ ಬಲ್ಲದು, ಉತ್ಪನ್ನ ಧನಾತ್ಮಕ. ನಡುವಿನ ಧಾರಕವು ಪೂರೈಕೆಯ ನೇರ ಪ್ರವಾಹವನ್ನು ತಡೆಯುವುದರಿಂದ ಆನೋಡ್ ಚಾಸಿಗೆ ತಾಗಿದರೂ ಬೂಸ್ಟಿನಲ್ಲಿರುವ ಅಪಾಯವಿಲ್ಲ. ಎರಡು ಪ್ರೇರಕಗಳು ಅಥವಾ ಒಂದೇ ತಿರುಳಿಗೆ ಸುತ್ತಿದ ಜೋಡಿ ಪ್ರೇರಕ ಬೇಕಾಗುವುದು ಇದರ ಕೊರತೆ.
* ನಾಲ್ಕು ಸ್ವಿಚ್ಚುಗಳ ಬಕ್-ಬೂಸ್ಟ್: ಒಂದೇ ಪ್ರೇರಕದಿಂದ ಏರಿಸುವ, ಇಳಿಸುವ ಎರಡೂ ಕಾರ್ಯಗಳು ನಡೆಯುತ್ತವೆ. ದಕ್ಷತೆ ಹೆಚ್ಚು, ನಿಯಂತ್ರಣ ಜಟಿಲ. ಹೆಚ್ಚು ಶಕ್ತಿಯ ದೀಪಗಳಿಗೆ ಸೂಕ್ತ.

## ಉದಾಹರಣೆ

9ರಿಂದ 16 ವೋಲ್ಟ್ ನಡುವೆ ಬದಲಾಗುವ ವಾಹನದ ಬ್ಯಾಟರಿಯಿಂದ, ತಲಾ 3.2 ವೋಲ್ಟಿನ ಎಲ್‌ಇಡಿಗಳನ್ನು ಸರಣಿಯಲ್ಲಿ ಬೆಳಗಿಸಬೇಕೆಂದು ಭಾವಿಸಬಹುದು. ಎರಡು ಎಲ್‌ಇಡಿಗಳಿಗೆ 6.4 ವೋಲ್ಟ್ ಸಾಕಾದ್ದರಿಂದ ಬಕ್ ಹೊಂದುತ್ತದೆ. ಆರು ಎಲ್‌ಇಡಿಗಳಿಗೆ 19.2 ವೋಲ್ಟ್ ಬೇಕಾದ್ದರಿಂದ ಬೂಸ್ಟ್ ಹೊಂದುತ್ತದೆ. ಮೂರು ಎಲ್‌ಇಡಿಗಳಿಗೆ ಬೇಕಾದ 9.6 ವೋಲ್ಟ್ ಪೂರೈಕೆಯ ವ್ಯಾಪ್ತಿಯೊಳಗೇ ಬೀಳುತ್ತದೆ; ಇಲ್ಲಿ ಸೆಪಿಕ್ ಅಥವಾ ನಾಲ್ಕು ಸ್ವಿಚ್ಚುಗಳ ರಚನೆ ಬೇಕು. ಡಯೋಡಿನ ನಷ್ಟವನ್ನು ಬಿಟ್ಟು ಲೆಕ್ಕ ಹಾಕಿದರೆ, ಸೆಪಿಕ್‌ನ ಸ್ವಿಚ್ಚು ಪ್ರತಿ ಆವರ್ತದಲ್ಲಿ 9 ವೋಲ್ಟ್ ಪೂರೈಕೆಗೆ ಶೇ. 52ರಷ್ಟು, 16 ವೋಲ್ಟ್ ಪೂರೈಕೆಗೆ ಶೇ. 37.5ರಷ್ಟು ಕಾಲ ವಾಹಕವಾಗಿರಬೇಕು. ಸ್ವಿಚ್ಚಿನ ಮೇಲೆ ಪೂರೈಕೆ ಮತ್ತು ಉತ್ಪನ್ನ ವೋಲ್ಟೇಜುಗಳ ಮೊತ್ತ, ಅಂದರೆ 25.6 ವೋಲ್ಟ್ ಬೀಳುತ್ತದೆ. ವಾಹನಗಳಲ್ಲಿ ಕ್ಷಣಿಕವಾಗಿ ಇನ್ನೂ ಹೆಚ್ಚಿನ ವೋಲ್ಟೇಜ್ ಉಂಟಾಗುವುದರಿಂದ ಇದಕ್ಕಿಂತ ಸಾಕಷ್ಟು ಹೆಚ್ಚಿನ ಸಾಮರ್ಥ್ಯದ ಸ್ವಿಚ್ಚನ್ನು ಆರಿಸಲಾಗುತ್ತದೆ.

## ಬೆಳಕಿನ ಹೊಂದಾಣಿಕೆ ಮತ್ತು ರಕ್ಷಣೆ

ಬೆಳಕನ್ನು ತಗ್ಗಿಸಲು ಪ್ರವಾಹವನ್ನು ಕಣ್ಣಿಗೆ ಕಾಣದಷ್ಟು ವೇಗವಾಗಿ ಹರಿಸಿ ನಿಲ್ಲಿಸುವ ವಿಧಾನವಿದೆ. ಕ್ಯಾಥೋಡ್ ಭೂಸಂಪರ್ಕವಿದ್ದಾಗ ಇದಕ್ಕೆ ಬೇಕಾದ ಸರಣಿ ಸ್ವಿಚ್ಚನ್ನು ಆನೋಡಿನ ಬದಿಯಲ್ಲೇ ಇರಿಸಬೇಕು. ಅದೇ ಸ್ವಿಚ್ಚು ಬೂಸ್ಟ್ ಪರಿವರ್ತಕದಲ್ಲಿ ರಕ್ಷಣೆಗೂ ನೆರವಾಗಬಲ್ಲದು. ಎಲ್‌ಇಡಿ ಸರಣಿ ತುಂಡಾದರೆ ಬೂಸ್ಟ್ ಮತ್ತು ಸೆಪಿಕ್ ಪರಿವರ್ತಕಗಳ ಉತ್ಪನ್ನ ವೋಲ್ಟೇಜ್ ಏರುತ್ತಲೇ ಹೋಗುವುದರಿಂದ ಗರಿಷ್ಠ ವೋಲ್ಟೇಜ್ ಮಿತಿಯ ರಕ್ಷಣೆಯೂ ಅಗತ್ಯ.