ಜೆರ್ವೆಲ್–ಲಾಂಗೆ ನೀಲ್ಸನ್ ಸಿಂಡ್ರೋಮ್ ಮತ್ತು ವಿಡಿಯೊ ಮೂಲಕ ಜಾಗೃತಿ

ಜೆರ್ವೆಲ್–ಲಾಂಗೆ ನೀಲ್ಸನ್ ಸಿಂಡ್ರೋಮ್ ಹುಟ್ಟುಕಿವುಡಿನ ಜೊತೆಗೆ ಹೃದಯದ ಲಯವೂ ಕೆಡುವ ಅಪರೂಪದ ಆನುವಂಶಿಕ ಕಾಯಿಲೆ. ಎರಡೂ ಕಿವಿ ಕೇಳಿಸದ ಮಗು ಓಡುವಾಗ, ಈಜುವಾಗ ಅಥವಾ ಹೆದರಿದಾಗ ಪ್ರಜ್ಞೆ ತಪ್ಪಿ ಬೀಳುವುದು ಇದರ ಮುಖ್ಯ ಲಕ್ಷಣ. ನಾರ್ವೆಯ ವೈದ್ಯರಾದ ಆಂಟನ್ ಜೆರ್ವೆಲ್ ಮತ್ತು ಫ್ರೆಡ್ ಲಾಂಗೆ ನೀಲ್ಸನ್ 1957ರಲ್ಲಿ ಒಂದೇ ಕುಟುಂಬದ ನಾಲ್ವರು ಮಕ್ಕಳಲ್ಲಿ ಇದನ್ನು ವಿವರಿಸಿದರು. ಅವರಲ್ಲಿ ಮೂವರು ಹಠಾತ್ತನೆ ಸತ್ತಿದ್ದರು.

ಕಾಯಿಲೆಯ ಮೂಲ ಕೆಸಿಎನ್‌ಕ್ಯೂ1 ಅಥವಾ ಕೆಸಿಎನ್‌ಇ1 ಜೀನ್‌ನ ದೋಷ. ಈ ಜೀನ್‌ಗಳು ರೂಪಿಸುವ ಪೊಟ್ಯಾಸಿಯಂ ದ್ವಾರ ಒಳಗಿವಿಗೂ ಹೃದಯಕ್ಕೂ ಬೇಕು. ಅದು ಕೆಟ್ಟರೆ ಒಂದೆಡೆ ಶ್ರವಣಶಕ್ತಿ ಹೋಗುತ್ತದೆ, ಇನ್ನೊಂದೆಡೆ ಪ್ರತಿ ಬಡಿತದ ನಂತರ ಹೃದಯ ಚೇತರಿಸಿಕೊಳ್ಳುವುದು ತಡವಾಗುತ್ತದೆ. ಇಸಿಜಿಯಲ್ಲಿ ಕ್ಯೂಟಿ ಅವಧಿ ಸಾಮಾನ್ಯವಾಗಿ 500 ಮಿಲಿಸೆಕೆಂಡ್ ದಾಟಿರುತ್ತದೆ. ಚಿಕಿತ್ಸೆ ಸಿಗದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ 15 ವರ್ಷ ತುಂಬುವ ಮೊದಲೇ ಸಾಯುತ್ತಾರೆ.

ತಂದೆ ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದಾಗ ಮಾತ್ರ ಪೂರ್ಣ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಅಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ಈ ಸಂಭವ ಶೇ. 25. ರಕ್ತಸಂಬಂಧದ ಮದುವೆಯಲ್ಲಿ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚು. ಸೋದರಮಾವ, ಅತ್ತೆಯ ಮಗ ಅಥವಾ ಮಾವನ ಮಗನ ಜೊತೆ ಮದುವೆ ರೂಢಿಯಲ್ಲಿರುವ ಕರ್ನಾಟಕದಲ್ಲಿ ಈ ಮಾಹಿತಿಗೆ ವಿಶೇಷ ಮಹತ್ವವಿದೆ.

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳಂಥ ಗ್ರಾಮೀಣ ಪ್ರದೇಶದಲ್ಲಿ ರೋಗ ಪತ್ತೆಗೆ ಬೇಕಾದ ಇಸಿಜಿ ದುಬಾರಿ ಪರೀಕ್ಷೆಯಲ್ಲ. ಅದನ್ನು ಮಾಡಿಸಬೇಕೆಂದು ಹೊಳೆಯುವುದೇ ಕಷ್ಟ. ಬವಳಿ ಬಂದು ಬಿದ್ದ ಮಗುವಿಗೆ ಫಿಟ್ಸ್ ಎಂದು ಔಷಧ ನಡೆಯುತ್ತದೆ, ಇಲ್ಲವೇ ಗಾಳಿ ಸೋಕಿದೆ ಎಂದು ತಾಯತ ಕಟ್ಟಲಾಗುತ್ತದೆ. ಕಿವುಡನ್ನೂ ಮೂರ್ಛೆಯನ್ನೂ ಒಟ್ಟಿಗೆ ನೋಡಲು ಕಲಿಸುವುದೇ ಜಾಗೃತಿ ವಿಡಿಯೊದ ಮೊದಲ ಕೆಲಸ.

ಇಂಥ ವಿಡಿಯೊ ಕೆಲವೇ ನಿಮಿಷಗಳದ್ದಾಗಿದ್ದು, ಒಂದು ಸಲಕ್ಕೆ ಒಂದೇ ವಿಷಯ ಹೇಳಿದರೆ ಮನಸ್ಸಿನಲ್ಲಿ ಉಳಿಯುತ್ತದೆ. ಈ ಭಾಗಕ್ಕೆ ಉತ್ತರ ಕರ್ನಾಟಕದ ಆಡುಮಾತಿನ ನಿರೂಪಣೆ ಹೊಂದುತ್ತದೆ; ಗಡಿಯ ಹಳ್ಳಿಗಳಿಗೆ ಮರಾಠಿ ಆವೃತ್ತಿಯೂ ಬೇಕು. ರೋಗಿಗಳೇ ಕಿವುಡರಾದ್ದರಿಂದ ಸಂಜ್ಞಾಭಾಷೆ ಮತ್ತು ದೊಡ್ಡ ಅಕ್ಷರದ ಬರಹ ಇಲ್ಲದ ವಿಡಿಯೊ ಅಪೂರ್ಣ. ಕಿವುಡ ಮಗುವಿಗೆ ಒಮ್ಮೆಯಾದರೂ, ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಗೆ ಮುನ್ನ ತಪ್ಪದೆ, ಇಸಿಜಿ ಮಾಡಿಸಬೇಕೆಂಬುದು ಅದರ ಮುಖ್ಯ ಸಂದೇಶ. ಘಟಪ್ರಭಾ ನದಿ, ಕಾಲುವೆ, ಬಾವಿಗಳಿರುವ ಈ ಸೀಮೆಯಲ್ಲಿ ರೋಗವಿರುವ ಮಗುವನ್ನು ಈಜಲು ಬಿಡಬಾರದು ಎಂಬ ಎಚ್ಚರಿಕೆಯೂ ಅಷ್ಟೇ ಮುಖ್ಯ. ಬಿದ್ದ ಮಗುವಿಗೆ ಉಸಿರಾಟ ಇಲ್ಲದಿದ್ದರೆ ಫಿಟ್ಸ್ ಎಂದುಕೊಂಡು ಕೈಗೆ ಕಬ್ಬಿಣ ಕೊಟ್ಟು ಕಾಯುತ್ತ ಕೂರದೆ 108ಕ್ಕೆ ಕರೆ ಮಾಡಿ, ಎದೆ ಒತ್ತುವುದನ್ನು ತಕ್ಷಣ ಆರಂಭಿಸಬೇಕು. ಇದನ್ನು ಮಾಡಿಯೇ ತೋರಿಸಬೇಕಾಗುತ್ತದೆ.

ಚಿಕಿತ್ಸೆಯಲ್ಲಿ ಬೀಟಾ ಬ್ಲಾಕರ್ ಮಾತ್ರೆ ಪ್ರಧಾನ. ಅದನ್ನು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಅಪಾಯ ಹೆಚ್ಚಿರುವವರಿಗೆ ದೇಹದೊಳಗೆ ಡಿಫಿಬ್ರಿಲೇಟರ್ ಅಳವಡಿಸುತ್ತಾರೆ. ಎರಿತ್ರೋಮೈಸಿನ್, ಡೊಂಪೆರಿಡೋನ್‌ನಂಥ ಔಷಧಗಳು ಕ್ಯೂಟಿ ಅವಧಿಯನ್ನು ಇನ್ನಷ್ಟು ಹೆಚ್ಚಿಸಬಲ್ಲವು. ಆದ್ದರಿಂದ ಔಷಧದಂಗಡಿಯಲ್ಲೂ ರೋಗದ ಹೆಸರು ತಿಳಿಸುವುದು ಅಗತ್ಯ. ಒಡಹುಟ್ಟಿದವರಿಗೆ ಮತ್ತು ಹೆತ್ತವರಿಗೆ ಇಸಿಜಿ ಮಾಡಿಸಬೇಕು. ಕಿವಿ ಚೆನ್ನಾಗಿ ಕೇಳಿಸುವವರಲ್ಲೂ ಲಯದೋಷ ಇರಬಹುದು. ಹೃದಯ ತಪಾಸಣೆಗೆ ಬೆಳಗಾವಿಯ ಕೆಎಲ್ಇ ಆಸ್ಪತ್ರೆ, ಬೆಂಗಳೂರಿನ ಜಯದೇವ ಸಂಸ್ಥೆ ಮತ್ತು ಶ್ರವಣ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ರಾಜ್ಯದ ಪ್ರಮುಖ ಕೇಂದ್ರಗಳು.

ವಿಡಿಯೊ ರೋಗನಿರ್ಣಯ ಮಾಡದು. ಕಿವುಡ ಮಕ್ಕಳ ಶಾಲೆಯಲ್ಲಿ, ಅಂಗನವಾಡಿಯಲ್ಲಿ ತೋರಿಸಿದ ಬಳಿಕ ಶಿಕ್ಷಕರು ಅಥವಾ ಆಶಾ ಕಾರ್ಯಕರ್ತೆಯರು ಮಗು ಎಂದಾದರೂ ಪ್ರಜ್ಞೆ ತಪ್ಪಿತ್ತೇ, ಮನೆತನದಲ್ಲಿ ಯಾರಾದರೂ ಎಳೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರೇ ಎಂದು ಕೇಳಿ, ಹೌದಾದರೆ ತಾಲೂಕು ಆಸ್ಪತ್ರೆಗೆ ಕಳಿಸಿದಾಗ ಅದರ ಉದ್ದೇಶ ಈಡೇರುತ್ತದೆ.