ದೋಣಿಯಲ್ಲಿ ಟ್ಯಾಬ್ಲೆಟ್ ನಕ್ಷೆ: ತಿಳಿದಿರಬೇಕಾದ ಸಂಗತಿಗಳು

ಹಿಂದೂಪುರ: ಮಳೆ ಚೆನ್ನಾಗಿ ಆದ ವರ್ಷ ಗಡಿನಾಡಿನ ಕೆರೆ, ಡ್ಯಾಮುಗಳಿಗೆ ನೀರು ನೋಡಲು ಜನ ಹೋಗುತ್ತಾರೆ. ರಜೆ ಬಂದರೆ ಮಲ್ಪೆ, ಕಾರವಾರಕ್ಕೂ ಹೊರಡುತ್ತಾರೆ. ದೋಣಿ ಹತ್ತಿದಾಗ ಕೈಯಲ್ಲಿರುವ ಟ್ಯಾಬ್ಲೆಟ್‌ನಿಂದ ದಾರಿ ತಿಳಿಯಬಹುದೇ? ತಿಳಿಯಬಹುದು. ಆದರೆ ಅದು ನಾವು ಎಲ್ಲಿದ್ದೇವೆ ಎಂದು ಹೇಳುತ್ತದೆಯೇ ಹೊರತು ದೋಣಿಯ ಕೆಳಗೆ ಏನಿದೆ ಎಂದು ಹೇಳುವುದಿಲ್ಲ.

ಕೆಲಸ ಮಾಡುವ ರೀತಿ

ಟ್ಯಾಬ್ಲೆಟ್ ಒಳಗಿನ ಜಿಪಿಎಸ್ ಉಪಗ್ರಹಗಳ ಸಂಕೇತ ಹಿಡಿದು ಸ್ಥಳ ಗುರುತಿಸುತ್ತದೆ. ಇದಕ್ಕೆ ಇಂಟರ್ನೆಟ್ ಬೇಕಿಲ್ಲ. ಆದರೆ ನಕ್ಷೆ ಕಾಣಬೇಕಾದರೆ ಅದನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡಿರಬೇಕು. ವೈ-ಫೈ ಮಾತ್ರ ಇರುವ ಐಪ್ಯಾಡ್‌ಗಳಲ್ಲಿ ಜಿಪಿಎಸ್ ಇರುವುದಿಲ್ಲ. ಕೊಳ್ಳುವಾಗಲೇ ವಿಚಾರಿಸಿ.

ಆಳ ಕಾಣುವುದಿಲ್ಲ

ಕಲ್ಯಾಣದುರ್ಗದ ಕಡೆಯವರಿಗೆ ಗೊತ್ತಿರುವ ಭೈರವಾನಿತಿಪ್ಪ ಡ್ಯಾಮನ್ನೇ ತೆಗೆದುಕೊಳ್ಳಿ. ವೇದಾವತಿ ನದಿಯ ಮೇಲ್ಭಾಗದಲ್ಲಿ, ಹಿರಿಯೂರು ಬಳಿ ಇರುವ ವಾಣಿವಿಲಾಸ ಸಾಗರ 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಜಲಾಶಯಗಳಲ್ಲಿ ನೀರಿನ ಮಟ್ಟ ವರ್ಷದಿಂದ ವರ್ಷಕ್ಕೆ ಬಹಳ ಬದಲಾಗುತ್ತದೆ. ನಕ್ಷೆಯ ನೀಲಿ ಬಣ್ಣ ಮಾತ್ರ ಹಾಗೇ ಇರುತ್ತದೆ. ನೀರಿನಡಿಯ ಬಂಡೆ, ಮರದ ಬೊಡ್ಡೆ, ಹಳೆಯ ಗೋಡೆ ಅದರಲ್ಲಿ ಕಾಣುವುದಿಲ್ಲ. ಸಮುದ್ರಕ್ಕಾದರೆ ಡೆಹ್ರಾಡೂನ್‌ನ ರಾಷ್ಟ್ರೀಯ ಜಲಮಾಪನ ಕಚೇರಿಯ ನಕ್ಷೆಗಳಲ್ಲಿ ಆಳ ನಮೂದಾಗಿರುತ್ತದೆ. ಮೊಬೈಲಿನ ಸಾಮಾನ್ಯ ರಸ್ತೆ ನಕ್ಷೆಯಲ್ಲಿ ಅದಿಲ್ಲ.

ನೀರಿನ ಸೆಳೆತವೂ ಕಾಣುವುದಿಲ್ಲ. 2019ರ ಸೆಪ್ಟೆಂಬರ್ 15ರಂದು ಗೋದಾವರಿಯಲ್ಲಿ ಕಚ್ಚುಲೂರು ಬಳಿ ಪ್ರವಾಸಿ ದೋಣಿ ಮುಳುಗಿದಾಗ ನದಿಯಲ್ಲಿ ಪ್ರವಾಹವಿತ್ತು. ಆದ್ದರಿಂದ ಆ ನೀರನ್ನು ಬಲ್ಲ ಸ್ಥಳೀಯ ಅಂಬಿಗನ ಮಾತಿಗೇ ಮೊದಲ ಬೆಲೆ.

ಸ್ಥಳ ಹೇಳುವ ಕ್ರಮ

ಟ್ಯಾಬ್ಲೆಟ್ ನಿಜಕ್ಕೂ ಜೀವ ಉಳಿಸುವುದು ಇಲ್ಲಿ. ಅಪಾಯವಾದಾಗ ಅಕ್ಷಾಂಶ, ರೇಖಾಂಶ ಓದಿ ಹೇಳಿದರೆ ಹುಡುಕುವವರು ನೇರವಾಗಿ ಬರಬಹುದು. ಆದರೆ ಒಂದು ಎಚ್ಚರಿಕೆ. ಹಿಂದೂಪುರದ ಅಕ್ಷಾಂಶ ಸುಮಾರು 13 ಡಿಗ್ರಿ 50 ಮಿನಿಟ್. ಅದನ್ನೇ ದಶಮಾಂಶದಲ್ಲಿ ಬರೆದರೆ 13.83. ಅವಸರದಲ್ಲಿ "13.50" ಎಂದರೆ ಸುಮಾರು 37 ಕಿಲೋಮೀಟರ್ ದಕ್ಷಿಣಕ್ಕೆ, ಗೌರಿಬಿದನೂರನ್ನೂ ದಾಟಿ, ಹುಡುಕಬೇಕಾಗುತ್ತದೆ! ಆದ್ದರಿಂದ "ಡಿಗ್ರಿ", "ಮಿನಿಟ್" ಅಥವಾ "ಪಾಯಿಂಟ್" ಎಂದು ಬಿಡಿಸಿ ಹೇಳಿ.

ತುರ್ತು ಸಂಖ್ಯೆ ಆಂಧ್ರ, ಕರ್ನಾಟಕ ಎರಡರಲ್ಲೂ 112. ಗಡಿಯಲ್ಲಿ ಪಕ್ಕದ ರಾಜ್ಯದ ಟವರ್ ಸಿಗ್ನಲ್ ಸಿಗಬಹುದು. ಹಾಗಾಗಿ ರಾಜ್ಯ, ಜಿಲ್ಲೆ, ಮಂಡಲ ಅಥವಾ ತಾಲ್ಲೂಕು, ಹತ್ತಿರದ ಊರಿನ ಹೆಸರನ್ನೂ ಸೇರಿಸಿ. ಕನ್ನಡವೋ ತೆಲುಗೋ, ಆ ಕಡೆಯವರಿಗೆ ತಿಳಿಯುವ ಭಾಷೆಯಲ್ಲಿ ಹೇಳಿ.

ಹೊರಡುವ ಮುನ್ನ

* ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಪವರ್ ಬ್ಯಾಂಕ್ ಇಟ್ಟುಕೊಳ್ಳಿ.
* ನೀರು ಹೋಗದ ಚೀಲದಲ್ಲಿಟ್ಟು, ದಾರದಿಂದ ದೋಣಿಗೆ ಕಟ್ಟಿ.
* ನೆರಳಿನಲ್ಲಿಡಿ. ಐಪ್ಯಾಡ್ ಬಳಕೆಗೆ ಕಂಪನಿ ಹೇಳುವ ಗರಿಷ್ಠ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್. ನಮ್ಮ ಕಡೆಯ ಬೇಸಿಗೆ ಅದನ್ನು ಸುಲಭವಾಗಿ ದಾಟುತ್ತದೆ. ಬಿಸಿಯಾದ ಟ್ಯಾಬ್ಲೆಟ್ ತಾನಾಗಿಯೇ ನಿಂತುಹೋಗಬಹುದು.
* ಬೇರೊಂದು ಮೊಬೈಲ್ ಜೊತೆಯಲ್ಲಿರಲಿ. ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಎಂದು ದಡದಲ್ಲಿರುವವರಿಗೆ ತಿಳಿಸಿ.
* ಲೈಫ್ ಜಾಕೆಟ್ ಇಲ್ಲದ ದೋಣಿಯನ್ನಾಗಲಿ, ಹರಿಗೋಲನ್ನಾಗಲಿ (ತೆಲುಗಿನ ಪುಟ್ಟಿ) ಹತ್ತಬೇಡಿ. ಮಕ್ಕಳಿಗೆ ಅವರ ಅಳತೆಯ ಜಾಕೆಟ್ ಕೇಳಿ ಪಡೆಯಿರಿ.